ಎಷ್ಟು ಮಾಡಿದರೂ ಮುಂದಕ್ಕೆ ಹೋಗುತ್ತಿಲ್ಲ ಅನಿಸಿದಾಗ ಎಲ್ಲಿ ನೋಡಬೇಕು?

ಹೊಸ ವರ್ಷಕ್ಕೋ ಯುಗಾದಿಗೋ ಏನೋ ಒಂದು ಶುರು ಮಾಡಿರುತ್ತೇವೆ. ಇಂಗ್ಲಿಷ್‌ನಲ್ಲಿ ಸರಾಗವಾಗಿ ಮಾತಾಡೋದು ಕಲಿಯಬೇಕು, ಹತ್ತು ಕೆ.ಜಿ. ಇಳಿಸಬೇಕು, ಬೆಳಗ್ಗೆ ಐದಕ್ಕೆ ಏಳಬೇಕು, ಆಫೀಸಿನಲ್ಲಿ ಎಲ್ಲರೂ ಹೇಳುತ್ತಿರುವ ಆ ಹೊಸ ಕೋರ್ಸ್ ಮುಗಿಸಬೇಕು, ಮಕ್ಕಳ ಮೇಲೆ ರೇಗೋದು ಬಿಡಬೇಕು. ಮೊದಲ ಕೆಲವು ವಾರ ಚೆನ್ನಾಗೇ ನಡೆಯುತ್ತದೆ. ಆಮೇಲೆ ಎಲ್ಲೋ ಒಂದು ಕಡೆ ನಿಂತುಹೋಗುತ್ತದೆ. ಕೆಲವರು ಕೈಬಿಡುತ್ತಾರೆ. ಇನ್ನು ಕೆಲವರು ಕೈಬಿಡದೆ ದಿನಾ ಮಾಡುತ್ತಲೇ ಇರುತ್ತಾರೆ, ಆದರೂ ಇದ್ದಲ್ಲೇ ಇರುತ್ತಾರೆ. ಈ ಎರಡನೆಯವರ ಪಾಡು ಹೆಚ್ಚು ಕಷ್ಟ. ಶ್ರದ್ಧೆ ಇಲ್ಲ ಅಂತ ಅವರಿಗೆ ಯಾರೂ ಹೇಳುವಂತಿಲ್ಲ, ಅವರೇ ತಮಗೆ ತಾವೇ ಹೇಳಿಕೊಳ್ಳುತ್ತಾರೆ, "ನನ್ನ ಕೈಲಿ ಇದು ಆಗಲ್ಲ" ಅಂತ.

ಹಾಗೆ ತೀರ್ಮಾನಿಸುವ ಮೊದಲು ಗೊತ್ತಿರಬೇಕಾದ ವಿಷಯಗಳು ಕೆಲವಿವೆ. ಕಲಿಕೆ ಯಾಕೆ ನಿಲ್ಲುತ್ತದೆ, ನಿಂತದ್ದು ಮತ್ತೆ ಹೇಗೆ ಏರುತ್ತದೆ ಅನ್ನುವುದನ್ನು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಅಳೆದು ನೋಡಿದ್ದಾರೆ. ಅದರಲ್ಲಿ ನಮಗೆ ದಿನನಿತ್ಯಕ್ಕೆ ಬೇಕಾದಷ್ಟನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

## "ನಿಂತುಹೋಗಿದೆ" ಅಂದರೆ ಏನು?

ಒಂದೇ ಮಾತಿನಲ್ಲಿ ನಾವು ಮೂರು ಬೇರೆ ಬೇರೆ ಸ್ಥಿತಿಗಳನ್ನು ಹೇಳುತ್ತಿರುತ್ತೇವೆ. ಮಾಡಬೇಕು ಅಂತ ಇದೆ, ಆದರೆ ಮಾಡುತ್ತಲೇ ಇಲ್ಲ. ಇದು ಒಂದು. ಮಾಡುತ್ತಿದ್ದೇವೆ, ಫಲ ಬರುತ್ತಿಲ್ಲ. ಇದು ಇನ್ನೊಂದು. ಫಲ ಬರುತ್ತಿದೆ, ಆದರೆ ನಾವು ನೋಡುತ್ತಿರುವ ಜಾಗದಲ್ಲಿ ಅದು ಕಾಣುತ್ತಿಲ್ಲ. ಇದು ಮೂರನೆಯದು. ಮೂರಕ್ಕೂ ಮದ್ದು ಬೇರೆ. ಮೊದಲನೆಯದರ ಮದ್ದನ್ನು ಎರಡನೆಯದಕ್ಕೆ ಹಾಕಿದರೆ ಏನೂ ಆಗುವುದಿಲ್ಲ. ಈಗಾಗಲೇ ದಿನಾ ಒಂದು ಗಂಟೆ ಕೂತು ಕಲಿಯುತ್ತಿರುವವರಿಗೆ "ಇನ್ನೂ ಜಾಸ್ತಿ ಮನಸ್ಸಿಟ್ಟು ಮಾಡು" ಅಂದರೆ ಅವರು ಎರಡು ಗಂಟೆ ಕೂರುತ್ತಾರೆ, ಅಷ್ಟೇ.

ಹೊಲದ ಕೊನೆಗೆ ನೀರು ಬರುತ್ತಿಲ್ಲ ಅಂದುಕೊಳ್ಳಿ. ಯಾವ ರೈತನೂ ನೇರ ಹೋಗಿ ದೊಡ್ಡ ಮೋಟಾರ್ ತರುವುದಿಲ್ಲ. ಕರೆಂಟ್ ಮೂರೂ ಫೇಸ್ ಇದೆಯಾ, ಸ್ಟಾರ್ಟರ್ ಹಿಡಿಯುತ್ತಿದೆಯಾ, ನಡುವೆ ಎಲ್ಲಾದರೂ ಪೈಪ್ ಒಡೆದಿದೆಯಾ, ಇಲ್ಲಾ ಬೋರ್‌ನಲ್ಲೇ ನೀರು ಇಳಿದುಹೋಗಿದೆಯಾ ಅಂತ ಒಂದೊಂದಾಗಿ ನೋಡಿಕೊಂಡು ಬರುತ್ತಾನೆ. ಪೈಪ್ ಒಡೆದಿದ್ದರೆ ದೊಡ್ಡ ಮೋಟಾರ್ ಹಾಕಿದಷ್ಟೂ ನೀರು ಪೋಲಾಗುತ್ತದೆ. ನಮ್ಮ ವಿಷಯದಲ್ಲಿ ಮಾತ್ರ ನಾವು ಮೊದಲು ಮೋಟಾರ್ ಬದಲಾಯಿಸಲು ಹೊರಡುತ್ತೇವೆ. ಹೊಸ ಆಪ್, ಹೊಸ ಡೈರಿ, ಇನ್ನೊಂದು ಗಂಟೆ, ಇನ್ನೂ ಕಟ್ಟುನಿಟ್ಟು.

## ತಂತಿ ಕೆಲಸದವರಲ್ಲಿ ಕಂಡದ್ದು

1897 ಮತ್ತು 1899ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ವಿಲಿಯಂ ಲೋವ್ ಬ್ರಯನ್ ಮತ್ತು ನೋಬಲ್ ಹಾರ್ಟರ್ ಅನ್ನುವ ಇಬ್ಬರು ಒಂದು ಅಧ್ಯಯನ ಪ್ರಕಟಿಸಿದರು. ರೈಲ್ವೆಯಲ್ಲಿ ತಂತಿ ಕೆಲಸ, ಅಂದರೆ ಟಕ್ ಟಕ್ ಶಬ್ದದ ಸಂಕೇತದಲ್ಲಿ ಟೆಲಿಗ್ರಾಂ ಕಳಿಸುವ, ಕೇಳಿ ಬರೆದುಕೊಳ್ಳುವ ಕೆಲಸ ಕಲಿಯುವವರನ್ನು ವಾರವಾರವೂ ಪರೀಕ್ಷಿಸಿ, ನಿಮಿಷಕ್ಕೆ ಎಷ್ಟು ಅಕ್ಷರ ಕಳಿಸುತ್ತಾರೆ, ಎಷ್ಟು ಅಕ್ಷರ ಕೇಳಿ ಬರೆದುಕೊಳ್ಳುತ್ತಾರೆ ಅಂತ ಗ್ರಾಫ್ ಹಾಕಿದರು. ಕಳಿಸುವ ವೇಗದ ಗೆರೆ ನಿಧಾನಕ್ಕೆ ಒಂದೇ ಸಮನೆ ಏರಿತು. ಕೇಳಿಸಿಕೊಳ್ಳುವ ವೇಗದ ಗೆರೆ ಹಾಗಲ್ಲ. ಸ್ವಲ್ಪ ಏರಿ, ಆಮೇಲೆ ವಾರಗಟ್ಟಲೆ ಅಡ್ಡಕ್ಕೆ ಹೋಯಿತು. ಕಲಿಯುವವರು ದಿನಾ ಕೂತು ಅಭ್ಯಾಸ ಮಾಡುತ್ತಿದ್ದರು, ಗೆರೆ ಮಾತ್ರ ಅಲ್ಲಾಡಲಿಲ್ಲ. ಆಮೇಲೆ ಮತ್ತೆ ಏರಿತು. ಹೀಗೆ ಗೆರೆ ಅಡ್ಡಕ್ಕೆ ಹೋಗುವ ಭಾಗಕ್ಕೆ ಪ್ಲಾಟೋ ಅನ್ನುತ್ತಾರೆ. ಜಿಮ್‌ನಲ್ಲಿ, ಸಂಗೀತದ ಕ್ಲಾಸಿನಲ್ಲಿ ಎಲ್ಲಾ ಕಡೆ ಈಗ ಬಳಸುವ ಪದ ಅದು.

ಆ ವಾರಗಳಲ್ಲಿ ಏನು ನಡೆಯುತ್ತಿತ್ತು? ಅವರು ಕೊಟ್ಟ ವಿವರಣೆ ಹೀಗೆ. ಶುರುವಿನಲ್ಲಿ ಕಲಿಯುವವನು ಟಕ್ ಟಕ್ ಶಬ್ದವನ್ನು ಒಂದೊಂದೇ ಅಕ್ಷರವಾಗಿ ಕೇಳುತ್ತಾನೆ. ಅದರಲ್ಲಿ ಎಷ್ಟು ಚುರುಕಾದರೂ ಒಂದು ಮಿತಿ ಇದೆ. ಮುಂದಕ್ಕೆ ಹೋಗಬೇಕಾದರೆ ಅಕ್ಷರ ಬಿಟ್ಟು ಇಡೀ ಪದವನ್ನು ಒಂದೇ ಶಬ್ದವಾಗಿ ಕೇಳಲು ಬರಬೇಕು. ಆಮೇಲೆ ಪದಗಳ ಗುಂಪನ್ನು. ಕೆಳಗಿನ ಮೆಟ್ಟಿಲು ಗಟ್ಟಿಯಾಗುವ ತನಕ ಮೇಲಿನದಕ್ಕೆ ಕಾಲಿಡಲು ಆಗುವುದಿಲ್ಲ. ಗಟ್ಟಿಯಾಗುತ್ತಿರುವುದು ಗ್ರಾಫ್‌ನಲ್ಲಿ ಕಾಣುವುದೂ ಇಲ್ಲ. ನಂತರದ ಕೆಲವು ಅಧ್ಯಯನಗಳಲ್ಲಿ ಇಂಥ ಸಮತಟ್ಟು ಎಲ್ಲರಲ್ಲೂ ಕಾಣಲಿಲ್ಲ, ಹಾಗಾಗಿ ಇದು ಪ್ರತಿಯೊಬ್ಬರೂ ದಾಟಲೇಬೇಕಾದ ಹಂತ ಅಂತ ಹೇಳುವಂತಿಲ್ಲ. ಆದರೆ ಒಂದು ಮಾತು ಉಳಿಯಿತು. ಹಳೆಯ ರೀತಿಯಲ್ಲೇ ವೇಗ ಹೆಚ್ಚಿಸುವುದು ಬೇರೆ, ಮಾಡುವ ರೀತಿಯೇ ಬದಲಾಗುವುದು ಬೇರೆ. ನಿಂತುಹೋದ ಕಡೆ ಸಾಮಾನ್ಯವಾಗಿ ಬೇಕಾಗಿರುವುದು ಎರಡನೆಯದು.

## ರೂಢಿಯಾದ ಮೇಲೆ ಬೆಳವಣಿಗೆ ಯಾಕೆ ನಿಲ್ಲುತ್ತದೆ?

1967ರಲ್ಲಿ ಪಾಲ್ ಫಿಟ್ಸ್ ಮತ್ತು ಮೈಕೆಲ್ ಪೋಸ್ನರ್ ಅನ್ನುವ ಮನಃಶಾಸ್ತ್ರಜ್ಞರು ಯಾವುದೇ ಕೈಕೆಲಸದ ಕಲಿಕೆಗೆ ಮೂರು ಹಂತ ಇದೆ ಅಂದರು. ಮೊದಲು, ಪ್ರತಿಯೊಂದನ್ನೂ ಯೋಚಿಸಿ ಮಾಡುವ ಹಂತ. ಸ್ಕೂಟರ್ ಕಲಿಯುವಾಗ ಬ್ರೇಕ್ ಯಾವುದು, ಎಕ್ಸಲೇಟರ್ ಯಾವುದು ಅಂತ ಮನಸ್ಸಲ್ಲೇ ಹೇಳಿಕೊಳ್ಳುತ್ತೇವಲ್ಲ, ಅದು. ಆಮೇಲೆ ತಪ್ಪು ಕಡಿಮೆಯಾಗಿ ಕೈ ಕೂಡಿಬರುವ ಹಂತ. ಕೊನೆಗೆ ಯೋಚನೆಯೇ ಬೇಡವಾಗುವ ಹಂತ. ಆಗ ಹಿಂದೆ ಕೂತವರ ಜೊತೆ ಮಾತಾಡುತ್ತಲೇ ಗಾಡಿ ಓಡಿಸುತ್ತೇವೆ.

ಈ ಮೂರನೆಯ ಹಂತ ಮೆದುಳಿಗೆ ದೊಡ್ಡ ಉಪಕಾರ. ಎಲ್ಲವನ್ನೂ ಯೋಚಿಸಿಯೇ ಮಾಡಬೇಕಾಗಿದ್ದರೆ ಹಲ್ಲುಜ್ಜಿ ಕಾಫಿ ಕುಡಿಯುವ ಹೊತ್ತಿಗೇ ಸುಸ್ತಾಗಿಬಿಡುತ್ತಿದ್ದೆವು. ಆದರೆ ಬೆಳವಣಿಗೆ ನಿಲ್ಲುವುದೂ ಅಲ್ಲೇ. "ಇಷ್ಟು ಸಾಕು" ಅನ್ನುವ ಮಟ್ಟ ಬಂದ ತಕ್ಷಣ ಕೆಲಸ ತಾನಾಗಿ ನಡೆಯಲು ಶುರುವಾಗುತ್ತದೆ, ನಮ್ಮ ಗಮನ ಅದರಿಂದ ಆಚೆ ಹೋಗುತ್ತದೆ, ಗಮನ ಇಲ್ಲದ ಕಡೆ ತಿದ್ದುಪಡಿ ಇಲ್ಲ. ಇಪ್ಪತ್ತು ವರ್ಷ ದಿನಾ ಟೈಪ್ ಮಾಡಿದವರು ಇಪ್ಪತ್ತು ವರ್ಷದ ಹಿಂದಿನ ವೇಗದಲ್ಲೇ ಇರುವುದನ್ನು ಯಾವ ಕಚೇರಿಯಲ್ಲಾದರೂ ನೋಡಬಹುದು. ಅವರದ್ದು ಸೋಮಾರಿತನ ಅಲ್ಲ. ದಿನಾ ಮಾಡುವುದು ಮತ್ತು ದಿನಾ ಸುಧಾರಿಸುವುದು ಎರಡು ಬೇರೆ ಕೆಲಸ, ಅಷ್ಟೇ.

ಇದನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸಿದ್ದು ಅಮೆರಿಕದ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ನಡೆದ, 1980ರಲ್ಲಿ ಪ್ರಕಟವಾದ ಒಂದು ಪ್ರಯೋಗ. ಆಂಡರ್ಸ್ ಎರಿಕ್ಸನ್ ಮತ್ತು ವಿಲಿಯಂ ಚೇಸ್ ಅವರು ಒಬ್ಬ ಸಾಮಾನ್ಯ ವಿದ್ಯಾರ್ಥಿಯನ್ನು ಕೂರಿಸಿಕೊಂಡು, ಸೆಕೆಂಡಿಗೆ ಒಂದರಂತೆ ಅಂಕಿಗಳನ್ನು ಓದಿ ಹೇಳುತ್ತಿದ್ದರು. ಅವನು ಅದೇ ಕ್ರಮದಲ್ಲಿ ವಾಪಸ್ ಹೇಳಬೇಕು. ಶುರುವಿನಲ್ಲಿ ನಮ್ಮ ನಿಮ್ಮಂತೆ ಏಳು ಅಂಕಿ ಹೇಳುತ್ತಿದ್ದ. ಸುಮಾರು 20 ತಿಂಗಳಲ್ಲಿ, 230 ಗಂಟೆಯ ಅಭ್ಯಾಸದ ನಂತರ, ಹತ್ತಿರಹತ್ತಿರ 80 ಅಂಕಿ ಹೇಳಿದ. ಅವನು ಓಟಗಾರ. ಹಾಗಾಗಿ ಅಂಕಿಗಳನ್ನು ಓಟದ ಸಮಯವಾಗಿ ಕಟ್ಟಿಕೊಳ್ಳಲು ಶುರುಮಾಡಿದ. 3492 ಅಂತ ಕೇಳಿದರೆ ಅವನಿಗೆ ಅದು 3 ನಿಮಿಷ 49.2 ಸೆಕೆಂಡ್, ಒಂದು ಮೈಲಿ ಓಟದ ವಿಶ್ವದಾಖಲೆಗೆ ಹತ್ತಿರದ ಸಮಯ. ನಾಲ್ಕು ಅಂಕಿ ಹೋಗಿ ಒಂದೇ ವಿಷಯ ಆಯಿತು.

ಆದರೆ ನಮಗೆ ಬೇಕಾದದ್ದು ಅವನು ನಡುನಡುವೆ ಸಿಕ್ಕಿಕೊಂಡ ಕಥೆ. ಒಂದು ಹಂತದಲ್ಲಿ ಎಷ್ಟು ಮಾಡಿದರೂ ಮುಂದಕ್ಕೆ ಹೋಗಲಿಲ್ಲ. ಇದೇ ಅವನ ನೆನಪಿನ ಮಿತಿ ಇರಬೇಕು ಅಂತ ಯಾರಾದರೂ ಅಂದುಕೊಳ್ಳುತ್ತಿದ್ದರು. ಎರಿಕ್ಸನ್ ಹಾಗೆ ತೀರ್ಮಾನಿಸದೆ ಒಂದು ಪರೀಕ್ಷೆ ಮಾಡಿದರು. ಅಂಕಿಗಳನ್ನು ಸ್ವಲ್ಪ ನಿಧಾನವಾಗಿ ಓದಿದರು. ಆಗ ಅವನು ಇನ್ನಷ್ಟು ಅಂಕಿ ನೆನಪಿಟ್ಟುಕೊಂಡ. ಅಂದರೆ ನೆನಪಿನಲ್ಲಿ ಜಾಗ ಇತ್ತು. ಅಂಕಿಗಳನ್ನು ಗುಂಪಾಗಿ ಕಟ್ಟಿಕೊಳ್ಳುವ ಕೆಲಸ ಮಾತ್ರ ಸಾಕಷ್ಟು ಬೇಗ ಆಗುತ್ತಿರಲಿಲ್ಲ. ಸಿಕ್ಕಿಕೊಂಡ ಜಾಗ ಗೊತ್ತಾದ ಮೇಲೆ ಅಭ್ಯಾಸವನ್ನು ಅದರ ಮೇಲೆ ಹಾಕಿದರು, ಮತ್ತೆ ಏರಿದ. ಇನ್ನೊಂದು ಸಂಗತಿ. ಅಷ್ಟೆಲ್ಲಾ ಆದ ಮೇಲೆ ಅಂಕಿ ಬಿಟ್ಟು ಅಕ್ಷರ ಕೊಟ್ಟರೆ ಅವನು ಮತ್ತೆ ಆರು ಅಕ್ಷರಕ್ಕೆ ಬಂದು ನಿಂತ. ಅಭ್ಯಾಸ ಮಾಡಿದ್ದು ಅಂಕಿ, ಬೆಳೆದದ್ದೂ ಅಂಕಿಯಲ್ಲೇ.

## ಸಿಕ್ಕಿಕೊಂಡ ಜಾಗವನ್ನು ಹುಡುಕುವುದು ಹೇಗೆ?

ಇದನ್ನು ನಮ್ಮ ನಡುವಿನ ಒಂದು ಉದಾಹರಣೆಯಲ್ಲೇ ನೋಡೋಣ, ಯಾಕೆಂದರೆ ಇಡೀ ವಿಷಯದ ತಿರುಳು ಇಲ್ಲೇ ಇದೆ.

ಬಳ್ಳಾರಿ ಕಡೆಯ ಒಬ್ಬ ಹುಡುಗಿ. ಕನ್ನಡ ಮಾಧ್ಯಮದಲ್ಲಿ ಓದಿ, ಬಿ.ಕಾಂ. ಮುಗಿಸಿ, ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸ. ಇಂಗ್ಲಿಷ್ ಕಲಿಯಬೇಕು ಅಂತ ವರ್ಷಕ್ಕಿಂತ ಜಾಸ್ತಿ ಆಯಿತು, ಮೆಟ್ರೋದಲ್ಲಿ ಹೋಗುವಾಗ ಬರುವಾಗ ಫೋನಿನ ಆಪ್‌ನಲ್ಲಿ ಪಾಠ ಮಾಡುತ್ತಾಳೆ. ಒಂದು ದಿನವೂ ತಪ್ಪಿಸಿಲ್ಲ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಪದಗಳನ್ನು ಬರೆದಿದ್ದಾಳೆ, ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ, ಅರ್ಥ ಮರೆತ ಪದಕ್ಕೆ ಕೆಂಪು ಪೆನ್ನಿನ ಗೆರೆ. ಆದರೂ ಕ್ಲೈಂಟ್ ಜೊತೆ ಕಾಲ್ ಇದ್ದರೆ ಬಾಯಿ ಕಟ್ಟಿದಂತೆ. ಅವಳ ಲೆಕ್ಕದಲ್ಲಿ ಕಾರಣ, ಪದಗಳು ಸಾಲದು. ಹಾಗಾಗಿ ಇನ್ನಷ್ಟು ಪದ ಬರೆಯುತ್ತಾಳೆ.

ಈಗ ಅವಳು ಒಂದು ಸಣ್ಣ ಕೆಲಸ ಮಾಡಲಿ. ಫೋನಿನ ರೆಕಾರ್ಡರ್ ಹಾಕಿ, ನಿನ್ನೆ ಆಫೀಸಿನಲ್ಲಿ ಏನೇನು ಮಾಡಿದೆ ಅಂತ ಒಂದು ನಿಮಿಷ ಇಂಗ್ಲಿಷ್‌ನಲ್ಲಿ ಹೇಳಲಿ. ಆಮೇಲೆ ರೂಮ್‌ಮೇಟ್‌ಗೆ ಹೇಳಿ ನಾಲ್ಕು ಪ್ರಶ್ನೆ ಕೇಳಿಸಿಕೊಳ್ಳಲಿ, ರಿಟರ್ನ್ ಫೈಲ್ ಮಾಡಲು ಯಾಕೆ ತಡ ಆಯಿತು, ಈ ಮೊತ್ತ ಯಾಕೆ ಹೊಂದುತ್ತಿಲ್ಲ, ಹೀಗೆ. ಎರಡನ್ನೂ ಕೇಳಿದರೆ ವ್ಯತ್ಯಾಸ ಕಿವಿಗೇ ಬೀಳುತ್ತದೆ. ಮೊದಲನೆಯದರಲ್ಲಿ ತಪ್ಪುಗಳಿವೆ, ಆದರೆ ಮಾತು ಓಡುತ್ತದೆ. ಎರಡನೆಯದರಲ್ಲಿ ಪ್ರಶ್ನೆ ಮುಗಿದ ಮೇಲೆ ಉದ್ದನೆಯ ಮೌನ. "ಯಾಕೆ" ಅನ್ನುವ ಪ್ರಶ್ನೆ ಬಂದಾಗಲೆಲ್ಲಾ ಹಾಗೆ. ಬೇಕಾದ ಪದಗಳೆಲ್ಲಾ ಅವಳಿಗೆ ಗೊತ್ತಿರುವವೇ. ಇನ್‌ವಾಯ್ಸ್, ರಿಟರ್ನ್, ಲೇಟ್, ಇವನ್ನು ಅವಳು ಕನ್ನಡದಲ್ಲೂ ದಿನಾ ಬಳಸುತ್ತಾಳೆ.

ಹಾಗಾದರೆ ಮೌನ ಯಾಕೆ? ಅವಳ ತಲೆಯಲ್ಲಿ ಉತ್ತರ ಮೊದಲು ಕನ್ನಡದಲ್ಲಿ ಹುಟ್ಟುತ್ತದೆ, "ಪಾರ್ಟಿಯವರು ಇನ್‌ವಾಯ್ಸ್ ಕಳಿಸದೇ ಇದ್ದಿದ್ದರಿಂದ ರಿಟರ್ನ್ ಫೈಲ್ ಮಾಡೋದು ತಡ ಆಯ್ತು" ಅಂತ. ನಮ್ಮಲ್ಲಿ ಕಾರಣ ಮೊದಲು, ಕ್ರಿಯಾಪದ ಕೊನೆಗೆ. ಇಂಗ್ಲಿಷ್‌ನಲ್ಲಿ ತಡವಾಯಿತು ಅನ್ನುವುದು ಮೊದಲು ಬಂದು ಕಾರಣ ಆಮೇಲೆ ಬರುವುದೇ ಹೆಚ್ಚು. ಅವಳು ಇಡೀ ವಾಕ್ಯವನ್ನು ತಲೆಕೆಳಗು ಮಾಡಿಕೊಂಡು ಆಮೇಲೆ ಬಾಯಿ ತೆರೆಯಲು ನೋಡುತ್ತಾಳೆ, ಅಷ್ಟರಲ್ಲಿ ಎದುರಿನವರು ಇನ್ನೊಂದು ಪ್ರಶ್ನೆ ಕೇಳಿಬಿಡುತ್ತಾರೆ. ಆಪ್ ಇದನ್ನು ಎಂದೂ ಮುಟ್ಟಿಲ್ಲ. ಅಲ್ಲಿ ವಾಕ್ಯ ಪರದೆಯ ಮೇಲೆ ಸಿದ್ಧವಾಗಿ ಇರುತ್ತದೆ, ಖಾಲಿ ಜಾಗ ತುಂಬಿದರೆ ಸಾಕು, ಆತುರ ಮಾಡುವವರು ಯಾರೂ ಇಲ್ಲ.

ಇಷ್ಟು ಗೊತ್ತಾದರೆ ಅಭ್ಯಾಸ ಏನು ಅನ್ನುವುದು ತಾನಾಗೇ ಗೊತ್ತಾಗುತ್ತದೆ. ಆಫೀಸಿನಲ್ಲಿ ನಿಜಕ್ಕೂ ಕೇಳುವ ಹತ್ತು "ಯಾಕೆ" ಪ್ರಶ್ನೆ. ರೂಮ್‌ಮೇಟ್ ಅವನ್ನು ಹಿಂದುಮುಂದು ಮಾಡಿ ಕೇಳಬೇಕು. ಇವಳು ಬರೆದುಕೊಳ್ಳದೆ, ಒಂದೇ ಉದ್ದದ ವಾಕ್ಯದ ಬದಲು ಎರಡು ತುಂಡು ವಾಕ್ಯದಲ್ಲಿ ಹೇಳಬೇಕು. ಮೊದಲು ಆಗಿದ್ದು, ಆಮೇಲೆ ಕಾರಣ. ದಿನಾ ಹದಿನೈದು ನಿಮಿಷ ಸಾಕು. ವ್ಯಾಕರಣ ತಪ್ಪಿದರೆ ತಪ್ಪಲಿ, ಈಗ ತಿದ್ದುತ್ತಿರುವುದು ಆ ಮೌನವನ್ನು. ಮೌನ ಚಿಕ್ಕದಾಗುತ್ತಿದೆಯೇ ಅಂತ ವಾರಕ್ಕೊಮ್ಮೆ ರೆಕಾರ್ಡ್ ಮಾಡಿ ಕೇಳಿದರೆ ಗೊತ್ತಾಗುತ್ತದೆ. ನೋಟ್‌ಬುಕ್ ಮುಚ್ಚಿಡಬಹುದು, ಸದ್ಯಕ್ಕೆ.

ಈ ಕ್ರಮ ಇಂಗ್ಲಿಷ್‌ಗೆ ಮಾತ್ರ ಅಲ್ಲ. ಕೆಲಸವನ್ನು ಅದು ನಿಜವಾಗಿ ನಡೆಯುವ ಸ್ಥಿತಿಯಲ್ಲಿ ಮಾಡಿ ನೋಡುವುದು, ಎಲ್ಲಿ ತಡೆಯುತ್ತದೋ ಅಲ್ಲಿ ನಿಲ್ಲುವುದು, ಒಂದು ಅಂಶವನ್ನು ಮಾತ್ರ ಬದಲಾಯಿಸಿ ಮತ್ತೆ ನೋಡುವುದು. ಗಣಿತದಲ್ಲಿ ಸೋಲುವ ಮಗುವಿಗೆ ಸಮಯದ ಮಿತಿ ತೆಗೆದು ಅದೇ ಲೆಕ್ಕ ಕೊಡಿ. ಆಗ ಸರಿ ಬಂದರೆ ತೊಂದರೆ ವೇಗದ್ದು. ಆಗಲೂ ಬರದಿದ್ದರೆ ಅದನ್ನು ಬಾಯಲ್ಲಿ ವಿವರಿಸಲು ಹೇಳಿ. ಸಿಟ್ಟು ಕಡಿಮೆ ಮಾಡಿಕೊಳ್ಳಬೇಕು ಅನ್ನುವವರು ಯಾವ ಹೊತ್ತಿಗೆ, ಯಾರ ಮೇಲೆ, ಅದಕ್ಕೆ ಮೊದಲು ಏನು ನಡೆದಿತ್ತು ಅಂತ ಎರಡು ವಾರ ಗೀಚಿಟ್ಟರೆ ಸಾಕು. ಹೆಚ್ಚಿನವರ ಸಿಟ್ಟು ದಿನವಿಡೀ ಹರಡಿಕೊಂಡಿರುವುದಿಲ್ಲ, ಸಂಜೆ ಮನೆಗೆ ಬಂದು ಊಟಕ್ಕೆ ಕೂರುವ ಮುಂಚಿನ ಹೊತ್ತಿನಂಥ ಒಂದೆರಡು ಕಡೆ ಗುಂಪುಗೂಡಿರುತ್ತದೆ.

ಇನ್ನೊಬ್ಬರ ಕಣ್ಣು ಇಲ್ಲಿ ಬಹಳ ಸಹಾಯ ಮಾಡುತ್ತದೆ. ನಮ್ಮ ತಡೆ ನಮಗೆ ಕಾಣದೇ ಇರುವುದಕ್ಕೇ ನಾವು ನಿಂತಿರುವುದು. ಸಂಗೀತದ ಮೇಷ್ಟ್ರು ಇಡೀ ಕೀರ್ತನೆ ಹಾಡಿಸದೆ ಒಂದೇ ಸಾಲನ್ನು ಹತ್ತು ಸಲ ಹಾಡಿಸುತ್ತಾರಲ್ಲ, ಅವರಿಗೆ ಕೇಳಿಸಿದ್ದು ನಮಗೆ ಕೇಳಿಸಿರುವುದಿಲ್ಲ.

## ಕಲಿತಂತೆ ಅನಿಸಿದರೆ ಕಲಿತಂತೆಯೇ?

ಅಲ್ಲ. ಮೋಸ ಹೋಗುವುದು ಇಲ್ಲೇ ಜಾಸ್ತಿ.

2006ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಮಿಕ್ಕ ಮೂರರಲ್ಲಿ ಪುಸ್ತಕ ಮುಚ್ಚಿ ನೆನಪಾದಷ್ಟು ಬರೆಯಿತು. ಐದು ನಿಮಿಷದ ನಂತರ ಕೇಳಿದರೆ ಬರೀ ಓದಿದವರೇ ಮುಂದಿದ್ದರು. ತಮಗೆ ಚೆನ್ನಾಗಿ ನೆನಪಿರುತ್ತದೆ ಅನ್ನುವ ಭರವಸೆ ಇದ್ದದ್ದೂ ಅವರಿಗೇ. ಒಂದು ವಾರದ ನಂತರ ಚಿತ್ರ ತಿರುಗಿತು. ಬರೀ ಓದಿದವರಿಗೆ ಸುಮಾರು 40% ನೆನಪಿತ್ತು, ಬರೆದು ನೋಡಿದವರಿಗೆ ಸುಮಾರು 61%.

ಬ್ರಿಟನ್ನಿನ ಅಂಚೆ ಇಲಾಖೆಯಲ್ಲೂ ಇಂಥದ್ದೇ ಒಂದು ಕಂಡಿತ್ತು. ಅಂಚೆ ನೌಕರರಿಗೆ ಟೈಪಿಂಗ್ ಕಲಿಸುವಾಗ ಕೆಲವರಿಗೆ ದಿನಕ್ಕೆ ಒಂದೇ ಗಂಟೆ, ಕೆಲವರಿಗೆ ನಾಲ್ಕು ಗಂಟೆ ತರಬೇತಿ ಕೊಟ್ಟರು. ಅಲನ್ ಬ್ಯಾಡ್ಲಿ ಮತ್ತು ಲಾಂಗ್‌ಮನ್ 1978ರಲ್ಲಿ ಪ್ರಕಟಿಸಿದ ಪ್ರಕಾರ, ದಿನಕ್ಕೆ ಒಂದು ಗಂಟೆಯವರು ಕಡಿಮೆ ಗಂಟೆಗಳಲ್ಲೇ ಕಲಿತರು. ಆದರೆ ತರಬೇತಿಯ ಬಗ್ಗೆ ಅವರಿಗೇ ಹೆಚ್ಚು ಅಸಮಾಧಾನ, ಯಾಕೆಂದರೆ ದಿನಗಳ ಲೆಕ್ಕದಲ್ಲಿ ಅವರದ್ದು ನಿಧಾನವಾಗಿ ಕಂಡಿತು.

ಎರಡರಿಂದಲೂ ತಿಳಿಯುವುದು ಒಂದೇ. ಸರಾಗವಾಗಿ ಸಾಗುವ ಅಭ್ಯಾಸ ಹಿತವಾಗಿರುತ್ತದೆ, ಫಲ ಕಡಿಮೆ. ತಡವರಿಸುತ್ತಾ, ಮರೆತದ್ದನ್ನು ಹುಡುಕುತ್ತಾ ಮಾಡುವ ಅಭ್ಯಾಸ ಬೇಸರ ತರುತ್ತದೆ, ಒಳಗೆ ಇಳಿಯುವುದು ಅದೇ. ಹಾಗಾಗಿ "ಇವತ್ತು ಚೆನ್ನಾಗಿ ಆಯಿತು" ಅನ್ನುವ ಅನಿಸಿಕೆಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಡಿ. ವಾರದ ಹಿಂದೆ ಕಲಿತದ್ದನ್ನು ಇವತ್ತು ನೋಡದೆ ಮಾಡಲು ಬರುತ್ತದೆಯೇ ಅಂತ ಕೇಳಿಕೊಳ್ಳಿ. ಇಲ್ಲಿ ಕೆಲವರಿಗೆ ಒಳ್ಳೆಯ ಸುದ್ದಿಯೂ ಸಿಗುತ್ತದೆ. ಏನೂ ಆಗುತ್ತಿಲ್ಲ ಅಂದುಕೊಂಡವರು ಆರು ತಿಂಗಳ ಹಿಂದಿನ ರೆಕಾರ್ಡಿಂಗ್ ಕೇಳಿದಾಗ ಎಷ್ಟು ದೂರ ಬಂದಿದ್ದೇವೆ ಅಂತ ಗೊತ್ತಾಗುತ್ತದೆ. ಮೊದಲು ಹೇಳಿದ ಮೂರನೆಯ ಸ್ಥಿತಿ ಅದೇ.

## ಶುರುವೇ ಆಗದಿದ್ದರೆ?

ಮಾಡಬೇಕು ಅಂತ ಇದ್ದೂ ಮಾಡದೇ ಇರುವವರ ವಿಷಯ ಬೇರೆ. ಅವರು ಸಾಮಾನ್ಯವಾಗಿ ಹುಡುಕುವುದು ಸ್ಫೂರ್ತಿ. ಬೆಳಗ್ಗೆ ಎದ್ದು ಹುರಿದುಂಬಿಸುವ ವಿಡಿಯೋ ನೋಡುತ್ತಾರೆ. ಅದರಿಂದ ಎಷ್ಟು ಉಪಯೋಗ ಅಂತ ಬ್ರಿಟನ್ನಿನ 248 ವಿದ್ಯಾರ್ಥಿಗಳ ಮೇಲೆ ನಡೆದ, 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಿಂದ ಅಂದಾಜು ಸಿಗುತ್ತದೆ. ವಾರದಲ್ಲಿ ಒಂದು ಸಲವಾದರೂ ಇಪ್ಪತ್ತು ನಿಮಿಷ ವ್ಯಾಯಾಮ ಮಾಡಿದಿರಾ ಅನ್ನುವುದು ಪ್ರಶ್ನೆ. ಏನೂ ಹೇಳದೆ ಬಿಟ್ಟ ಗುಂಪಿನಲ್ಲಿ 38% ಮಾಡಿದ್ದರು. ವ್ಯಾಯಾಮದಿಂದ ಹೃದಯಕ್ಕೆ ಆಗುವ ಲಾಭವನ್ನು ಮನಮುಟ್ಟುವಂತೆ ತಿಳಿಸಿದ ಗುಂಪಿನಲ್ಲಿ 35%. ಅದರ ಜೊತೆಗೆ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಮಾಡುತ್ತೇನೆ ಅಂತ ಬರೆಸಿದ ಗುಂಪಿನಲ್ಲಿ 91%.

ಜರ್ಮನಿಯ ಮನಃಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಈ ಬಗೆಯ ಯೋಜನೆಯನ್ನು ಬಹಳ ಕಾಲ ಅಧ್ಯಯನ ಮಾಡಿದ್ದಾರೆ. ಅದರ ರೂಪ ಸರಳ, "ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ." ದಿನಾ ವಾಕಿಂಗ್ ಹೋಗುತ್ತೇನೆ ಅನ್ನುವುದು ಆಸೆ. ಮಗುವನ್ನು ಸ್ಕೂಲ್ ವ್ಯಾನ್ ಹತ್ತಿಸಿದ ಮೇಲೆ ಮನೆಗೆ ವಾಪಸ್ ಬರದೆ ಹಾಗೇ ಪಾರ್ಕಿಗೆ ಹೋಗುತ್ತೇನೆ ಅನ್ನುವುದು ಯೋಜನೆ. ಎರಡನೆಯದರಲ್ಲಿ ಆ ಹೊತ್ತಿಗೆ ತೀರ್ಮಾನ ಮಾಡಬೇಕಾದ್ದೇ ಇಲ್ಲ, ವ್ಯಾನ್ ಹೋದದ್ದೇ ಗುರುತು. ಮಳೆ ಬಂದರೆ ಏನು ಅನ್ನುವುದನ್ನೂ ಮೊದಲೇ ಸೇರಿಸಿಟ್ಟರೆ ಇನ್ನೂ ಒಳ್ಳೆಯದು.

21 ದಿನ ಮಾಡಿದರೆ ಅಭ್ಯಾಸ ಆಗಿಬಿಡುತ್ತದೆ ಅನ್ನುವ ಮಾತನ್ನು ನಂಬಿ ಕೈಬಿಟ್ಟವರೂ ಬಹಳ. 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅನ್ನುವ ಪ್ಲಾಸ್ಟಿಕ್ ಸರ್ಜನ್, ತನ್ನ ರೋಗಿಗಳು ಬದಲಾದ ಮುಖಕ್ಕೆ ಹೊಂದಿಕೊಳ್ಳಲು ಕಡಿಮೆಯೆಂದರೆ ಸುಮಾರು 21 ದಿನ ಬೇಕು ಅಂತ ಬರೆದಿದ್ದರು. ಅದು ಬಾಯಿಂದ ಬಾಯಿಗೆ ಹೋಗುತ್ತಾ ಎಲ್ಲ ಅಭ್ಯಾಸಕ್ಕೂ ಅನ್ವಯವಾಗುವ ನಿಯಮ ಆಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ ಲೆಕ್ಕ ಹಾಕಿದಾಗ, ಒಂದು ಕೆಲಸ ತಾನಾಗಿ ನಡೆಯುವಂತಾಗಲು 18ರಿಂದ 254 ದಿನದ ತನಕ ಬೇಕಾಗಬಹುದು ಅಂತ ಕಂಡಿತು. ನಡುವಿನ ಅಂಕಿ 66. ನೀರು ಕುಡಿಯುವಂಥದ್ದು ಬೇಗ ಕೂರುತ್ತದೆ, ವ್ಯಾಯಾಮಕ್ಕೆ ಜಾಸ್ತಿ ಕಾಲ ಬೇಕು. ನಡುವೆ ಒಂದು ದಿನ ತಪ್ಪಿದರೆ ಅದುವರೆಗಿನದ್ದು ಹಾಳಾಗಲಿಲ್ಲ ಅನ್ನುವುದನ್ನೂ ಅವರು ಕಂಡರು. ಇಪ್ಪತ್ತೆರಡನೇ ದಿನವೂ ಕಷ್ಟವೇ ಆದರೆ, ನಿಮ್ಮಲ್ಲಿ ಏನೋ ಕೊರತೆ ಇದೆ ಅಂತ ಅಲ್ಲ.

## ತೂಕ ಇಳಿಯುವುದು ನಿಂತರೆ?

ಇದಕ್ಕೆ ದೇಹದ ಕಡೆಯಿಂದಲೂ ಕಾರಣ ಇದೆ. 80 ಕೆ.ಜಿ. ಇದ್ದ ದೇಹಕ್ಕೆ ದಿನಕ್ಕೆ ಬೇಕಾಗುವಷ್ಟು ಶಕ್ತಿ 72 ಕೆ.ಜಿ. ದೇಹಕ್ಕೆ ಬೇಡ. ಹೊರುವ ಭಾರ ಕಡಿಮೆ, ಹಾಗಾಗಿ ನಡೆದಾಗ ಖರ್ಚಾಗುವುದೂ ಕಡಿಮೆ. ತಿನ್ನುವುದು ಕಡಿಮೆಯಾದಾಗ ದೇಹ ಖರ್ಚನ್ನು ಇನ್ನೂ ಸ್ವಲ್ಪ ಬಿಗಿ ಮಾಡುತ್ತದೆ, ಹಸಿವನ್ನೂ ಹೆಚ್ಚಿಸುತ್ತದೆ. ಮೊದಲು ತೂಕ ಇಳಿಸಿದ ಅದೇ ಊಟ ಈಗ ಇರುವ ತೂಕವನ್ನು ಕಾಯ್ದುಕೊಳ್ಳುವಷ್ಟಕ್ಕೆ ಬಂದು ನಿಲ್ಲುತ್ತದೆ. ಊಟ, ನಡಿಗೆಯ ಲೆಕ್ಕವನ್ನು ಹೊಸ ತೂಕಕ್ಕೆ ತಕ್ಕಂತೆ ಮತ್ತೆ ಹಾಕಬೇಕು. ಇಲ್ಲವೇ ಆ ತೂಕವನ್ನೇ ಕೆಲವು ತಿಂಗಳು ಉಳಿಸಿಕೊಂಡು ಹೋಗುವುದೂ ಸರಿಯಾದ ದಾರಿಯೇ.

## ಮೈ ಮನಸ್ಸೇ ಬೇಡ ಅನ್ನುತ್ತಿದ್ದರೆ?

ಕೆಲವು ಸಲ ವಿಧಾನ ಸರಿಯಿದೆ, ಯೋಜನೆಯೂ ಇದೆ, ಶಕ್ತಿಯೇ ಇಲ್ಲ. ಇದನ್ನು ಎಲ್ಲಕ್ಕಿಂತ ಮೊದಲು ನೋಡಬೇಕು ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಇದನ್ನು ಸೋಮಾರಿತನ ಅಂತ ತಪ್ಪು ತಿಳಿದು ತಮ್ಮನ್ನೇ ಬೈದುಕೊಳ್ಳುವವರು ಬಹಳ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 57% ಜನಕ್ಕೆ ರಕ್ತಹೀನತೆ ಇದೆ, ಕರ್ನಾಟಕದಲ್ಲಿ ಹತ್ತಿರಹತ್ತಿರ ಅರ್ಧದಷ್ಟು. ರಕ್ತ ಕಡಿಮೆ ಇದ್ದರೆ ಮೆಟ್ಟಿಲು ಹತ್ತಿದರೇ ಸುಸ್ತು, ಓದಲು ಕೂತರೆ ಮನಸ್ಸು ನಿಲ್ಲದು. ಥೈರಾಯ್ಡ್ ಕಡಿಮೆ ಇದ್ದರೂ, ವಿಟಮಿನ್ ಬಿ12 ಕಡಿಮೆ ಇದ್ದರೂ ಹೀಗೇ. ಇವಕ್ಕೆ ಬೇಕಾದ ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ನಿದ್ದೆಯದ್ದೂ ಅಷ್ಟೇ. 1993ರಲ್ಲಿ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಬಗ್ಗೆ ಪ್ರಕಟಿಸಿದ ಅಧ್ಯಯನವನ್ನು ಹೆಚ್ಚು ಗಂಟೆ ಅಭ್ಯಾಸ ಮಾಡಿದವರೇ ಮುಂದೆ ಬಂದರು ಅಂತ ಎಲ್ಲರೂ ಹೇಳುತ್ತಾರೆ. ಮುಂದಿದ್ದವರು ನಿದ್ದೆಯನ್ನೂ ಜಾಸ್ತಿ ಮಾಡುತ್ತಿದ್ದರು, ಮಧ್ಯಾಹ್ನ ಸ್ವಲ್ಪ ಮಲಗುತ್ತಿದ್ದರು ಅನ್ನುವುದೂ ಅದರಲ್ಲೇ ಇದೆ.

ಎರಡು ವಾರಕ್ಕಿಂತ ಜಾಸ್ತಿ ಹೆಚ್ಚುಕಡಿಮೆ ದಿನಾ ಮನಸ್ಸು ಭಾರವಾಗಿದ್ದರೆ, ಇಷ್ಟವಾಗಿದ್ದ ಕೆಲಸಗಳಲ್ಲೂ ಏನೂ ಅನಿಸದಿದ್ದರೆ, ಊಟ ನಿದ್ದೆ ಏರುಪೇರಾಗಿದ್ದರೆ, ಅದು ಖಿನ್ನತೆ ಇರಬಹುದು. ಅದಕ್ಕೆ ಟೈಮ್‌ಟೇಬಲ್ ಮದ್ದಲ್ಲ, ಚಿಕಿತ್ಸೆ ಇದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಅದರ ಮೇಲುಸ್ತುವಾರಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನದ್ದು.

## ಎಷ್ಟು ದಿನ ನೋಡಬೇಕು, ಯಾವಾಗ ಬಿಡಬೇಕು?

ತಡೆ ಎಲ್ಲಿದೆ ಅಂತ ಒಂದು ಊಹೆ ಮಾಡಿ, ಅಭ್ಯಾಸದಲ್ಲಿ ಒಂದೇ ಒಂದು ಬದಲಾವಣೆ ಮಾಡಿದ ಮೇಲೆ, ಮೂರ್ನಾಲ್ಕು ವಾರವಾದರೂ ಅದಕ್ಕೆ ಕೊಡಬೇಕು. ಅಷ್ಟರಲ್ಲಿ ಅದೇ ಪರೀಕ್ಷೆಯನ್ನು ಅದೇ ರೀತಿ ನಾಲ್ಕು ಸಲ ಮಾಡಿದ್ದರೆ ಗೆರೆ ಯಾವ ಕಡೆ ಹೋಗುತ್ತಿದೆ ಅಂತ ಗೊತ್ತಾಗುತ್ತದೆ. ಒಟ್ಟಿಗೆ ಐದು ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಊಹೆ ತಪ್ಪಾಗಿದ್ದರೆ ಇನ್ನೊಂದು ಊಹೆ. ಇದರಲ್ಲಿ ಅವಮಾನ ಏನೂ ಇಲ್ಲ, ಮೆಕ್ಯಾನಿಕ್ ಕೂಡ ಮೊದಲ ಸಲಕ್ಕೇ ಕಂಡುಹಿಡಿಯುವುದಿಲ್ಲ ಅಲ್ವಾ.

ಇಷ್ಟೆಲ್ಲಾ ಮಾಡಿಯೂ ಅಲ್ಲಾಡದಿದ್ದರೆ, ಈ ಗುರಿ ಯಾರದ್ದು ಅಂತ ಕೇಳಿಕೊಳ್ಳುವ ಹಕ್ಕು ನಿಮಗಿದೆ. ಅಪ್ಪ ಅಮ್ಮ ಹೇಳಿದ್ದಕ್ಕೆ ಸ್ಪರ್ಧಾತ್ಮಕ ಪರೀಕ್ಷೆಗೆ ವರ್ಷಗಟ್ಟಲೆ ಓದುತ್ತಿರುವವರು ಬೆಂಗಳೂರಿನ ವಿಜಯನಗರದಲ್ಲೂ ಧಾರವಾಡದಲ್ಲೂ ರೂಮು ಮಾಡಿಕೊಂಡು ಇದ್ದಾರೆ. ಬಿಟ್ಟರೆ ಸೋತಂತೆ ಅನ್ನುವ ಭಯ ದೊಡ್ಡದು, ಅದನ್ನು ಹಗುರವಾಗಿ ಕಾಣಬಾರದು. ಆದರೆ ತಲುಪಲಾಗದ ಗುರಿಯನ್ನು ಬಿಡಲು ಬರುವವರ ಮನಸ್ಸಿನ ಆರೋಗ್ಯ ಚೆನ್ನಾಗಿರುತ್ತದೆ, ಬಿಟ್ಟ ಮೇಲೆ ಹಿಡಿಯಲು ಇನ್ನೊಂದು ಗುರಿ ಇದ್ದರೆ ಇನ್ನೂ ಒಳ್ಳೆಯದು ಅಂತ ಅಧ್ಯಯನಗಳು ಹೇಳುತ್ತವೆ. ಹಾಗಾಗಿ ಬಿಡುವ ಯೋಚನೆ ಇದ್ದರೆ ಆ ಇನ್ನೊಂದನ್ನು ಈಗಲೇ ಸಣ್ಣದಾಗಿ ಶುರುಮಾಡಿ. ವಾರಕ್ಕೆ ಎರಡು ಸಂಜೆ ಟ್ಯೂಷನ್ ಹೇಳಿಕೊಡುವುದೋ, ಪರಿಚಯದವರ ಅಂಗಡಿಯಲ್ಲಿ ಲೆಕ್ಕ ಬರೆಯುವುದೋ, ಏನಾದರೂ ಸರಿ. ಮುಂದಿನ ಪರೀಕ್ಷೆಗೆ ಅರ್ಜಿ ಹಾಕುವ ಕೊನೆಯ ದಿನ ಬರುವ ಹೊತ್ತಿಗೆ, ಹಾಕಬೇಕೋ ಬೇಡವೋ ಅನ್ನುವುದನ್ನು ಬರೀ ಭಯದಿಂದ ತೀರ್ಮಾನಿಸಬೇಕಾಗಿ ಬರುವುದಿಲ್ಲ.